ಗಡಸು ನೀರಿನಲ್ಲಿ ನರ್ಸರಿ, ಪಾಲಿಹೌಸ್: ನೀರನ್ನು ಸರಿಪಡಿಸುವುದು, ಉಳಿಸುವುದು

ಹೊಲದ ಮಣ್ಣು ಕೆಟ್ಟ ನೀರನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತದೆ. ಸಸಿ ಬೆಳೆಸುವ 98 ಗುಳಿಯ ಪ್ಲಾಸ್ಟಿಕ್ ತಟ್ಟೆಗೆ, ಅಂದರೆ ಪ್ರೋಟ್ರೇಗೆ, ಆ ತಾಳ್ಮೆಯಿಲ್ಲ. ಒಂದೊಂದು ಗುಳಿಯಲ್ಲೂ ಇರುವುದು ಒಂದು ಚಿಟಿಕೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ದಿನಕ್ಕೆರಡು ಸಲ ಕೊಳವೆಬಾವಿ ನೀರು ಬಿದ್ದರೆ ಎರಡು ವಾರದಲ್ಲೇ ಅದರ ರಸಸಾರ (ಪಿಎಚ್) ಏರಿ ಹೊಸ ಎಲೆ ಹಳದಿಯಾಗುತ್ತದೆ. ನರ್ಸರಿಯವರು ಕಬ್ಬಿಣದ ಕೊರತೆ ಎಂದು ಫೆರಸ್ ಸಲ್ಫೇಟ್ ಸಿಂಪಡಿಸುತ್ತಾರೆ. ನಾಲ್ಕು ದಿನ ಹಸಿರಾಗಿ, ಮತ್ತೆ ಹಳದಿ. ಕೊಕೊಪೀಟ್‌ನಲ್ಲಿ ಕಬ್ಬಿಣ ಇರುತ್ತದೆ, ರಸಸಾರ ಏರಿರುವುದರಿಂದ ಬೇರಿಗೆ ಸಿಗುವುದಿಲ್ಲ, ಅಷ್ಟೇ.

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಆಳದ ಕೊಳವೆಬಾವಿಗಳಲ್ಲಿ ಇದು ಸಾಮಾನ್ಯ ಕಥೆ. ಈ ಭಾಗದಲ್ಲಿ ನೀರು ಉಳಿಸುವ ಮಾತಿಗೂ ನೀರಿನ ಗುಣಕ್ಕೂ ನೇರ ನಂಟಿದೆ. ನೀರಿನಲ್ಲಿ ಉಪ್ಪು ಹೆಚ್ಚಿದ್ದಷ್ಟೂ ಅದನ್ನು ಬೇರಿನಿಂದ ಕೆಳಗೆ ತೊಳೆಯಲು ಹೆಚ್ಚು ನೀರು ಸುರಿಯಬೇಕು. ಹಾಗಾಗಿ ಡ್ರಿಪ್, ಟೈಮರ್ ಎಂದು ದುಡ್ಡು ಹಾಕುವ ಮೊದಲು ನೀರಿನ ಪರೀಕ್ಷೆ ಮಾಡಿಸಿ.

ಪರೀಕ್ಷೆ

ಮೋಟಾರು ಹಾಕಿ 20 ನಿಮಿಷ ನೀರು ಹೋಗಲು ಬಿಡಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಿಸಿ, ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ, ಮರುದಿನದೊಳಗೆ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೇರೆ ಪ್ರಯೋಗಾಲಯಕ್ಕೋ ಮುಟ್ಟಿಸಿ. ಸಂಪಿನ ನೀರು ಕೊಡಬೇಡಿ, ಬಾವಿಯದನ್ನೇ ಕೊಡಿ. ಪಿಎಚ್ ಮತ್ತು ಇಸಿ (ನೀರಿನಲ್ಲಿ ಕರಗಿದ ಒಟ್ಟು ಉಪ್ಪಿನ ಅಳತೆ) ಎರಡೇ ಬರೆದ ವರದಿಯಿಂದ ಪ್ರಯೋಜನ ಕಡಿಮೆ. ರಸಸಾರ ಏರಿಸುವ ಬೈಕಾರ್ಬೊನೇಟ್, ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್, ಕಬ್ಬಿಣ ಕೇಳಿ ಮಾಡಿಸಿ. ಏಪ್ರಿಲ್-ಮೇನಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆರೆಗಳಿಗೆ ಬರುತ್ತಿದೆ. ಅಂಥ ಕೆರೆಯ ಆಸುಪಾಸಿನಲ್ಲಿ ಬಾವಿಯಿದ್ದರೆ ನೈಟ್ರೇಟನ್ನೂ ಸೇರಿಸಿ. ನೈಟ್ರೇಟ್ ಇದ್ದರೆ ಅದರ ಸಾರಜನಕವನ್ನು ಗೊಬ್ಬರದ ಲೆಕ್ಕದಲ್ಲಿ ಕಳೆಯಬಹುದು.

ಸಸಿಗಳಿಗೆ ಇಸಿ 0.75 ಡೆಸಿಸೀಮೆನ್ಸ್/ಮೀಟರ್ ಒಳಗಿದ್ದರೆ ನಿಶ್ಚಿಂತೆ. ದೊಡ್ಡ ಕುಂಡ, ಗ್ರೋ ಬ್ಯಾಗ್‌ಗಳಿಗೆ 1.5ರವರೆಗೆ ನಡೆಯುತ್ತದೆ. ಬೈಕಾರ್ಬೊನೇಟ್ ಸಸಿಗಳಿಗೆ ಲೀಟರಿಗೆ 60ರಿಂದ 120 ಮಿಲಿಗ್ರಾಂ ಇದ್ದರೆ ಸಾಕು. ವರದಿಯ ಬೈಕಾರ್ಬೊನೇಟ್ ಮಿಲಿಗ್ರಾಂ ಸಂಖ್ಯೆಯನ್ನು 61ರಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಮಿಲಿಈಕ್ವಿವಲೆಂಟ್ (ಆಮ್ಲದ ಜೊತೆ ಸರಿದೂಗಿಸಲು ಬಳಸುವ ಅಳತೆ) ಎಂಬುದು ಸಿಗುತ್ತದೆ, ಮುಂದಿನ ಲೆಕ್ಕವೆಲ್ಲ ಅದರಲ್ಲೇ. ಕಬ್ಬಿಣ 0.3 ಮಿಲಿಗ್ರಾಂ ದಾಟಿದರೆ ಡ್ರಿಪ್ಪರ್ ಕಟ್ಟಿಕೊಳ್ಳತೊಡಗುತ್ತದೆ. ಅಂಥ ನೀರನ್ನು ಷವರ್‌ನಂತೆ ಗಾಳಿಗೆ ಒಡ್ಡಿ ತೊಟ್ಟಿಗೆ ಬಿಟ್ಟು, ಕೆಂಪು ಕೆಳಗಿಳಿದ ಮೇಲೆ ಬಳಸಿ.

ಡ್ರಸೀನಾ, ಸ್ಪೈಡರ್ ಪ್ಲಾಂಟ್, ಲಿಲ್ಲಿ ಬೆಳೆಸುವವರು ಫ್ಲೋರೈಡನ್ನೂ ನೋಡಿಸಬೇಕು. ಎಲೆಯ ತುದಿ ಮಾತ್ರ ಸುಟ್ಟಂತಾಗುವುದಕ್ಕೆ ಅದು ಕಾರಣವಾಗಿರಬಹುದು. ಆಮ್ಲ ಹಾಕಿದರೆ ಈ ತೊಂದರೆ ಹೆಚ್ಚುತ್ತದೆ, ಸೂಪರ್ ಫಾಸ್ಫೇಟಿನಲ್ಲೂ ಫ್ಲೋರೈಡ್ ಇರುತ್ತದೆ. ಇವುಗಳಿಗೆ ಮಳೆ ನೀರೇ ಗತಿ.

ಆಮ್ಲದ ಲೆಕ್ಕ

ಒಂದು ಮಿಲಿಈಕ್ವಿವಲೆಂಟ್ ಬೈಕಾರ್ಬೊನೇಟ್ ಇಳಿಸಲು 1000 ಲೀಟರ್ ನೀರಿಗೆ 68-70% ನೈಟ್ರಿಕ್ ಆಮ್ಲ ಸುಮಾರು 64 ಮಿಲಿ ಬೇಕು. 85% ಫಾಸ್ಫಾರಿಕ್ ಆಮ್ಲವೂ ಹೆಚ್ಚುಕಡಿಮೆ ಅಷ್ಟೇ, 98% ಸಲ್ಫ್ಯೂರಿಕ್ ಆದರೆ 27 ಮಿಲಿ. ವರದಿಯಲ್ಲಿ 305 ಮಿಲಿಗ್ರಾಂ ಇದೆ ಎನ್ನಿ: 5 ಮಿಲಿಈಕ್ವಿವಲೆಂಟ್. ಎಲ್ಲವನ್ನೂ ತೆಗೆಯಬೇಡಿ, ರಸಸಾರವನ್ನು ಹಿಡಿದು ನಿಲ್ಲಿಸಲು ಒಂದನ್ನು ಬಿಡಿ. ಉಳಿದ ನಾಲ್ಕಕ್ಕೆ ನೈಟ್ರಿಕ್ 256 ಮಿಲಿ. ಇದರಿಂದ ಲೀಟರಿಗೆ 56 ಮಿಲಿಗ್ರಾಂ ಸಾರಜನಕವೂ ಬರುತ್ತದೆ, ಅಷ್ಟನ್ನು ಗೊಬ್ಬರದಲ್ಲಿ ಇಳಿಸಿ. ಫಾಸ್ಫಾರಿಕ್ ಆಮ್ಲ ಕೈಗೆ ಕಡಿಮೆ ಅಪಾಯದ್ದು ನಿಜ. ಆದರೆ ನಾಲ್ಕಕ್ಕೂ ಅದನ್ನೇ ಹಾಕಿದರೆ ರಂಜಕ 120 ಮಿಲಿಗ್ರಾಂ ದಾಟಿ ಸಸಿ ಕಡ್ಡಿಯಂತೆ ನೀಳವಾಗುತ್ತದೆ. ಒಂದು ಮಿಲಿಈಕ್ವಿವಲೆಂಟಿನವರೆಗೆ ಅದು ಸರಿ.

ಕಾಗದದ ಲೆಕ್ಕವನ್ನು ಬಕೆಟ್‌ನಲ್ಲಿ ತಾಳೆ ನೋಡಿ. 990 ಮಿಲಿ ನೀರಿಗೆ 10 ಮಿಲಿ ಆಮ್ಲ ಬೆರೆಸಿ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಲೇಬಾರದು. ಕೈಗವಸು, ಕನ್ನಡಕ ಇರಲಿ. ಈ ದ್ರಾವಣವನ್ನು 10 ಲೀಟರ್ ಬಾವಿ ನೀರಿಗೆ ಸ್ವಲ್ಪ ಸ್ವಲ್ಪ ಹಾಕಿ ಕಲಕುತ್ತ, ಪಿಎಚ್ 5.8ಕ್ಕೆ ಬಂದಾಗ ನಿಲ್ಲಿಸಿ. ಬಕೆಟ್‌ಗೆ ಎಷ್ಟು ಮಿಲಿ ದ್ರಾವಣ ಹೋಯಿತೋ, 1000 ಲೀಟರಿಗೆ ಅಷ್ಟೇ ಮಿಲಿ ಆಮ್ಲ ಬೇಕು. ಪಿಎಚ್ ಮೀಟರನ್ನು 4 ಮತ್ತು 7ರ ಬಫರ್‌ನಲ್ಲಿ ಸರಿಪಡಿಸಿಕೊಳ್ಳದೆ ಈ ಕೆಲಸಕ್ಕೆ ಇಳಿಯಬೇಡಿ.

ಇಲ್ಲಿ ಹಲವರು ಎಡವುತ್ತಾರೆ. ಆಮ್ಲ ಹಾಕಿದ ತೊಟ್ಟಿಯ ಪಿಎಚ್ ಮರುದಿನ ನೋಡಿದರೆ 7ರ ಹತ್ತಿರ ಏರಿರುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋದದ್ದರಿಂದ ಹೀಗಾಗುತ್ತದೆ, ಬೈಕಾರ್ಬೊನೇಟ್ ವಾಪಸ್ ಬಂದಿಲ್ಲ. ಗಾಬರಿಯಾಗಿ ಮತ್ತೆ ಆಮ್ಲ ಸುರಿದರೆ ಮುಂದಿನ ಸಲ ಗುಳಿಯ ರಸಸಾರ 5ಕ್ಕೂ ಕೆಳಗಿಳಿದಿರುತ್ತದೆ.

ನೆಲದ ಮಡಿಯಲ್ಲಿ ಕ್ಯಾಪ್ಸಿಕಂ, ಗುಲಾಬಿ ಬೆಳೆಯುವವರು ಇನ್ನೊಂದು ಲೆಕ್ಕ ಹಾಕಬೇಕು: ಮಿಲಿಈಕ್ವಿವಲೆಂಟ್‌ನಲ್ಲಿ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಕೂಡಿಸಿ, ಅದರಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಳೆಯಿರಿ. ಉಳಿದದ್ದು 1.25ರೊಳಗಿದ್ದರೆ ಸರಿ. 2.5 ದಾಟಿದರೆ ಆ ನೀರು ಮಣ್ಣನ್ನು ಗಟ್ಟಿ ಮಾಡುತ್ತದೆ, ಜಿಪ್ಸಂ ಇಲ್ಲದೆ ಬಳಸುವುದು ಬೇಡ.

ಮಳೆ ನೀರು: ಆಮ್ಲಕ್ಕಿಂತ ಒಳ್ಳೆಯ ಮದ್ದು

1 ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. ಒಂದು ಎಕರೆಯ ಪಾಲಿಹೌಸ್, ಅಂದರೆ ಸುಮಾರು 4000 ಚದರ ಮೀಟರ್, ವರ್ಷಕ್ಕೆ 700 ಮಿಲಿಮೀಟರ್ ಮಳೆ, ಅದರಲ್ಲಿ 85% ಕೈಗೆ ಸಿಕ್ಕರೂ 23.8 ಲಕ್ಷ ಲೀಟರ್. ಬೆಳೆದ ಕ್ಯಾಪ್ಸಿಕಂಗೆ ಚದರ ಮೀಟರಿಗೆ ದಿನಕ್ಕೆ 3 ಲೀಟರ್ ಹಿಡಿದರೆ 12,000 ಲೀಟರ್. ಇಡೀ ವರ್ಷಕ್ಕೆ ಸಾಲದು, ಸಾಲಲೂಬೇಕಿಲ್ಲ. ಬೆರೆಸುವುದರಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಇಸಿ 1.6ರ ಬಾವಿ ನೀರಿಗೆ 0.1ರ ಮಳೆ ನೀರು ಸಮಸಮ ಸೇರಿಸಿದರೆ 0.85. ಬೈಕಾರ್ಬೊನೇಟ್ ಅರ್ಧ, ಆಮ್ಲದ ಖರ್ಚು ಅರ್ಧಕ್ಕೂ ಕಡಿಮೆ, ಸೋಡಿಯಂ ಕೂಡ ಅರ್ಧ. ಸೋಡಿಯಂ ತೆಗೆಯಲು ಆಮ್ಲದಿಂದಾಗುವುದಿಲ್ಲ.

ವರ್ಷದ ಮೊದಲ ಮಳೆಯನ್ನು ಹೊರಗೆ ಬಿಡಿ, ಚಾವಣಿಯ ಧೂಳೆಲ್ಲ ಅದರಲ್ಲಿರುತ್ತದೆ. ಕೃಷಿ ಹೊಂಡಕ್ಕೆ ಹಾಳೆ ಹಾಸಿ, ಮೇಲೆ ನೆರಳು ಬಲೆ ಎಳೆಯಿರಿ. ಬೇಸಿಗೆಯಲ್ಲಿ ಬಯಲು ನೀರು ದಿನಕ್ಕೆ 5 ಮಿಲಿಮೀಟರ್‌ವರೆಗೂ ಆವಿಯಾಗುತ್ತದೆ, ಬಿಸಿಲು ಬಿದ್ದರೆ ಪಾಚಿಯೂ ಕಟ್ಟುತ್ತದೆ. ಪಂಪು ನೀರೆಳೆಯುವ ಫುಟ್‌ವಾಲ್ವನ್ನು ತೇಲುಬುಂಡೆಗೆ ಕಟ್ಟಿ ಮೇಲ್ಮೈಯಿಂದ ಒಂದೂವರೆ ಅಡಿ ಕೆಳಗೆ ನಿಲ್ಲಿಸಿ. ತಳಕ್ಕೆ ಬಿಟ್ಟರೆ ಕೆಸರು ಬರುತ್ತದೆ. ಬರೀ ಮಳೆ ನೀರಿನ ದಿನ ಹಳೆಯ ಪ್ರಮಾಣದ ಆಮ್ಲ ಹಾಕಿದರೆ ಪಿಎಚ್ ಕುಸಿಯುತ್ತದೆ. ಆಗ ಆಮ್ಲ ನಿಲ್ಲಿಸಿ, ನೀರಿನಿಂದ ಪುಕ್ಕಟೆ ಸಿಗುತ್ತಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನು ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್ ಮೂಲಕ ಕೊಡಿ.

ಹೊಂಡದ ನೀರಿನಲ್ಲಿ ಶಿಲೀಂಧ್ರದಂಥ ಪಿಥಿಯಂ ಎಂಬ ರೋಗಾಣು ಇರಬಹುದು, ಸಸಿಯ ಬುಡ ಕೊಳೆಯಲು ಅದೊಂದು ಮುಖ್ಯ ಕಾರಣ. ಟ್ರೇಗೆ ಬೀಳುವ ನೀರಿನಲ್ಲಿ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಮುಕ್ತ ಕ್ಲೋರಿನ್ ಉಳಿಯಬೇಕು. 10% ಸೋಡಿಯಂ ಹೈಪೊಕ್ಲೋರೈಟ್ 10 ಮಿಲಿ, 1000 ಲೀಟರಿಗೆ 1 ಪಿಪಿಎಂ ಕೊಡುತ್ತದೆ. ಪಾಚಿ, ಕೆಸರು ಅರ್ಧ ತಿನ್ನುವುದರಿಂದ 30ರಿಂದ 40 ಮಿಲಿ ಹಾಕಿ, ಅರ್ಧ ಗಂಟೆ ಬಿಟ್ಟು ಕ್ಲೋರಿನ್ ಪರೀಕ್ಷಾ ಪಟ್ಟಿಯಲ್ಲಿ ಅಳೆಯಿರಿ. ಪಿಎಚ್ 7.5 ದಾಟಿದರೆ ಕ್ಲೋರಿನ್ನಿನ ಬಲ ಅರ್ಧಕ್ಕೂ ಕೆಳಗೆ. ಅಮೋನಿಯಂ ಗೊಬ್ಬರದ ಜೊತೆ ಹಾಕಿದರೆ ದಂಡ. ಆಮ್ಲದ ಕ್ಯಾನಿನೊಂದಿಗೆ ಹೈಪೊಕ್ಲೋರೈಟ್ ಎಂದೂ ಸೇರಬಾರದು, ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಎರಡಕ್ಕೂ ಬೇರೆ ಬೇರೆ ಅಳತೆ ಪಾತ್ರೆ, ಬೇರೆ ಬೇರೆ ಜಾಗ.

ಎಷ್ಟು ಹಾಕಬೇಕು, ಎಷ್ಟು ಸೋರಬೇಕು

ಟ್ರೇಯ ಕೆಳಗೆ ಬೇಸಿನ್ ಇಟ್ಟು ನೀರು ಹಾಕಿ ಅಳೆಯಿರಿ. ಒಳ್ಳೆಯ ನೀರಾದರೆ ಹಾಕಿದ್ದರ 10% ಸೋರಿದರೆ ಸಾಕು. ಇಸಿ 1 ದಾಟಿದ ನೀರಿಗೆ 20% ಬೇಕಾಗುತ್ತದೆ. ಗಿಡ ಮುಟ್ಟದ ಸೋಡಿಯಂನಂಥ ಉಪ್ಪು ಬೇರಿನ ಬಳಿ ಉಳಿಯುತ್ತದೆ. ಐದನೇ ಒಂದು ಭಾಗ ಸೋರಿದರೆ ಸೋರುವ ನೀರಿನಲ್ಲಿ ಅದು ಐದು ಪಟ್ಟಿಗೆ ನಿಲ್ಲುತ್ತದೆ, ಹತ್ತನೇ ಒಂದು ಭಾಗವಾದರೆ ಹತ್ತು ಪಟ್ಟು. ಕೆಟ್ಟ ನೀರಿನಲ್ಲಿ ಜಿಪುಣತನ ಮಾಡಿದರೆ ಬೇರು ಸುಡುವುದು ಇದಕ್ಕೆ. ವಾರಕ್ಕೊಮ್ಮೆ ನೀರು ಹಾಕಿದ ಒಂದು ಗಂಟೆಗೆ ನಾಲ್ಕಾರು ಗುಳಿಯ ಕೊಕೊಪೀಟ್ ಹಿಂಡಿ ಇಸಿ ನೋಡಿ. 2.5 ದಾಟಿದ್ದರೆ ಒಂದು ಸಲ ಬರೀ ನೀರಿನಲ್ಲಿ ತೊಳೆಯಿರಿ. ಕೊಕೊಪೀಟ್ ತೊಳೆಯದ್ದಾದರೆ ಮೊದಲ ದಿನವೇ ಇಸಿ ಹೆಚ್ಚಿರುತ್ತದೆ. ತರಿಸುವಾಗಲೇ ಅಳೆದು ತೆಗೆದುಕೊಳ್ಳಿ.

ನಲ್ಲಿ ಪೈಪು ಹಿಡಿದು ನಡೆಯುತ್ತ ಹಾಕುವಾಗ ಮಧ್ಯದ ಟ್ರೇ ತೊಯ್ದು ಅಂಚಿನದು ಒಣಗುತ್ತದೆ, ಅಂಚಿಗಾಗಿ ಎಲ್ಲಕ್ಕೂ ಮತ್ತೊಂದು ಸುತ್ತು. ಅಂಚಿನ ಸಾಲಿಗೆ ಮಾತ್ರ ಬೇರೆ ಸುತ್ತು ಇಟ್ಟುಕೊಂಡರೆ ಬಹಳ ನೀರು ಉಳಿಯುತ್ತದೆ. ಹಾಕಬೇಕೋ ಬೇಡವೋ ಎಂಬುದನ್ನು ಟ್ರೇ ಎತ್ತಿ ತೂಕದಲ್ಲಿ ತಿಳಿಯಿರಿ, ಮೇಲಿನ ಬಣ್ಣ ನೋಡಿ ಅಲ್ಲ. ಸಂಜೆ ನಾಲ್ಕರ ಮೇಲೆ ಎಲೆ ತೋಯಿಸಿದರೆ ಕೊಳೆ ರೋಗಕ್ಕೆ ಆಹ್ವಾನ.

ಡ್ರಿಪ್ ಇರುವ ಕಡೆ ತಿಂಗಳಿಗೊಮ್ಮೆ ಲ್ಯಾಟರಲ್‌ನ (ಡ್ರಿಪ್ಪರ್ ಕೂರಿಸಿದ ಸಣ್ಣ ಪೈಪು) ಮೊದಲ, ನಡುವಿನ, ಕೊನೆಯ ಡ್ರಿಪ್ಪರ್‌ಗಳ ಕೆಳಗೆ ಲೋಟ ಇಟ್ಟು ಮೂರು ನಿಮಿಷ ಹಿಡಿಯಿರಿ. ಗಂಟೆಗೆ 2 ಲೀಟರಿನ ಡ್ರಿಪ್ಪರ್ 100 ಮಿಲಿ ಕೊಡಬೇಕು. 90ಕ್ಕಿಂತ ಕಡಿಮೆ ಬಂದ ಕಡೆ ಎಂಡ್ ಕ್ಯಾಪ್ ತೆಗೆದು ಹೊರಗೆ ತೊಳೆಯಿರಿ. ಸುಣ್ಣ ಕಟ್ಟಿದ್ದರೆ ಬೆಳೆ ತೆಗೆದ ಮೇಲೆ ಆಮ್ಲದ ನೀರು ಬಿಟ್ಟು ಮರುದಿನ ಹೊರಗೆ ಹರಿಸಿ. ಹೊಂಡದ ನೀರಿಗೆ ಮರಳು ಫಿಲ್ಟರ್, ಅದರ ನಂತರ 120 ಮೆಶ್ ಡಿಸ್ಕ್. ಫಿಲ್ಟರಿಗೆ ನೀರು ಒಳಹೋಗುವ, ಹೊರಬರುವ ಕಡೆಗಳ ಒತ್ತಡದ ವ್ಯತ್ಯಾಸ 0.5 ಬಾರ್ ದಾಟುವ ಮುನ್ನ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯಿರಿ. ಸೋರಿ ಬಂದ ನೀರನ್ನು ನೆಲಕ್ಕೆ ಹಾಸಿದ ವೀಡ್‌ಮ್ಯಾಟ್‌ನ (ಕಳೆ ತಡೆಯುವ ಹಾಸು) ಇಳಿಜಾರಿನಿಂದ ಗುಂಡಿಗೆ ಇಳಿಸಿ, ಹೊರಗಿನ ತೆಂಗು, ಮಾವಿಗೆ ಕೊಡಿ. ಸೋಸಿ ಕ್ಲೋರಿನ್ ಹಾಕದೆ ಅದನ್ನು ಸಸಿಗೆ ತಿರುಗಿಸಿದರೆ ಒಂದು ಟ್ರೇಯ ರೋಗ ಇಡೀ ಶೆಡ್ಡಿಗೆ ಹರಡುತ್ತದೆ.