ಅರ್ಧ ಗಂಟೆಯ ಮೌನ: ಕಾರ್ಮೆಲ್ ದಾರಿಯಲ್ಲಿ ನನ್ನ ಅನುಭವ

ಮೊದಲ ದಿನ ಕಣ್ಣು ಮುಚ್ಚಿ ಕೂತೆ. ಬಹಳ ಹೊತ್ತಾಯಿತು ಅನ್ನಿಸಿ ಗಡಿಯಾರ ನೋಡಿದರೆ ಬರೀ 4 ನಿಮಿಷ. ಇನ್ನೂ 26 ಬಾಕಿ!

ಕಾರ್ಮೆಲ್ ಅನ್ನುವ ಕಥೋಲಿಕ ಸನ್ಯಾಸಿ ಸಭೆಯ ಮೌನ ಪ್ರಾರ್ಥನೆ ಕಲಿಯಬೇಕು ಅಂತ ಹೊರಟಿದ್ದೆ. ಮಠದ ಒಳಗಿರುವ ಸಿಸ್ಟರ್‌ಗಳು ದಿನಕ್ಕೆ ಎರಡು ಗಂಟೆ ಹೀಗೆ ಕೂರುತ್ತಾರೆ, ಬೆಳಿಗ್ಗೆ ಒಂದು, ಸಂಜೆ ಒಂದು. ಸಂಸಾರಸ್ಥೆಯಾದ ನಾನು ಅರ್ಧ ಗಂಟೆಗೆ ಒಪ್ಪಿಕೊಂಡೆ. ಜಪಸರ ನನಗೆ ಚಿಕ್ಕಂದಿನಿಂದ ರೂಢಿ. ಬಾಯಿಗೆ ಕೆಲಸ ಇದ್ದರೆ ಕಷ್ಟವೇ ಇಲ್ಲ. ಬಾಯಿ ಮುಚ್ಚಿ ಕೂರುವುದೇ ಕಷ್ಟ.

ಧೈರ್ಯ ಕೊಟ್ಟವರು ಆವಿಲದ ಸಂತ ತೆರೇಸಾ, 16ನೇ ಶತಮಾನದ ಸ್ಪೇನಿನ ಕಾರ್ಮೆಲ್ ಸಿಸ್ಟರ್. ಮಠ ಸೇರಿದ ಮೇಲೂ ಎಷ್ಟೋ ವರ್ಷ ಅವರು ಪ್ರಾರ್ಥನೆಯ ಹೊತ್ತು ಯಾವಾಗ ಮುಗಿಯುತ್ತೋ ಅಂತ ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದರಂತೆ. ಆತ್ಮಕಥೆಯಲ್ಲಿ ತಾವೇ ಬರೆದುಕೊಂಡಿದ್ದಾರೆ. ಪರಮಪ್ರಸಾದ (ಯೇಸುವಿನ ಶರೀರವೆಂದು ನಂಬುವ ರೊಟ್ಟಿ) ಸ್ವೀಕರಿಸಿದ ಹೊತ್ತು ಬಿಟ್ಟರೆ, 18 ವರ್ಷ ಕೈಯಲ್ಲಿ ಪುಸ್ತಕ ಇಲ್ಲದೆ ಪ್ರಾರ್ಥನೆಗೆ ಕೂರಲು ಅವರಿಗೆ ಧೈರ್ಯವೇ ಇರಲಿಲ್ಲ. ಅವರಿಗೇ ಹೀಗಾದರೆ ನನ್ನದೇನು ದೊಡ್ಡದು ಅಲ್ವಾ?

ನಾನೂ ಪುಸ್ತಕ ಹಿಡಿದೆ. ಬೈಬಲಿನ ಯೊವಾನ್ನನ ಶುಭಸಂದೇಶದ 4ನೇ ಅಧ್ಯಾಯ, ಸಮಾರ್ಯದ ಹೆಂಗಸಿನ ಕಥೆ. ತೆರೇಸಾಗೂ ಅದು ಬಹಳ ಇಷ್ಟದ ಭಾಗ. ಎರಡೇ ಸಾಲು ಓದಿ ಮಡಚಿಡುತ್ತಿದ್ದೆ. ನಡು ಮಧ್ಯಾಹ್ನ. ಯೇಸು ನಡೆದು ನಡೆದು ಸುಸ್ತಾಗಿ ಬಾವಿಯ ಪಕ್ಕ ಕೂತಿದ್ದಾರೆ. ಕುಡಿಯಲು ನೀರು ಕೇಳುತ್ತಿದ್ದಾರೆ. ನಾನು ಬೇಡಲು ಬಂದಿದ್ದೆ, ಇಲ್ಲಿ ನೋಡಿದರೆ ಅವರೇ ಕೇಳುತ್ತಿದ್ದಾರೆ! ಅದೊಂದರ ಮೇಲೆಯೇ ನಾಲ್ಕು ದಿನ ಕಳೆದೆ. ನಡುನಡುವೆ ಮನಸ್ಸು ಕಟ್ಟದ ಬಿಲ್ಲಿಗೆ, ಯಾರೋ ಆಡಿದ ಮಾತಿಗೆ ಓಡುತ್ತಿತ್ತು. ಗೊತ್ತಾದ ಕೂಡಲೇ ಮತ್ತೆ ಬಾವಿಯ ಹತ್ತಿರ ಬಂದು ಕೂರುವುದು. ಅಷ್ಟೇ ವಿಧಾನ. ಮನಸ್ಸು ಖಾಲಿ ಮಾಡುವ ಕಸರತ್ತು ಇದರಲ್ಲಿ ಇಲ್ಲ. ನಮ್ಮನ್ನು ಪ್ರೀತಿಸುವವರ ಜೊತೆ ಒಬ್ಬರೇ ಕೂತು ಸ್ನೇಹದ ಮಾತಾಡುವುದು ಅಂತಲೇ ತೆರೇಸಾ ಇದನ್ನು ವಿವರಿಸಿದ್ದು.

ಸಭೆಯ ಚರಿತ್ರೆ ಓದಿದ್ದು ಆಮೇಲೆ. ಇದಕ್ಕೆ ಇಂಥವರೇ ಸ್ಥಾಪಕರು ಅಂತ ಹೇಳಲು ಆಗುವುದಿಲ್ಲ. ಪವಿತ್ರ ನಾಡಿನ (ಈಗಿನ ಇಸ್ರೇಲ್) ಕಾರ್ಮೆಲ್ ಬೆಟ್ಟದಲ್ಲಿ, ಒಂದು ಬುಗ್ಗೆಯ ಬಳಿ ಕೆಲವು ತಪಸ್ವಿಗಳು ಬೇರೆ ಬೇರೆ ಗುಡಿಸಲುಗಳಲ್ಲಿ ಇದ್ದರು. 1206 ಮತ್ತು 1214ರ ನಡುವೆ ಜೆರುಸಲೇಮಿನ ಧರ್ಮಾಧ್ಯಕ್ಷ ಆಲ್ಬರ್ಟ್ ಈ ತಪಸ್ವಿಗಳಿಗೆ ಪುಟ್ಟದೊಂದು ನಿಯಮ ಬರೆದುಕೊಟ್ಟರು. ನಿಮ್ಮ ಕೋಣೆಯಲ್ಲಿ ಅಥವಾ ಅದರ ಹತ್ತಿರವೇ ಇರಿ, ಹಗಲೂ ರಾತ್ರಿ ದೇವರ ಮಾತನ್ನು ಧ್ಯಾನಿಸಿ ಅನ್ನುವುದೇ ಅದರ ಜೀವಾಳ. ಯುರೋಪಿಗೆ ಬಂದ ಮೇಲೆ ನಿಯಮ ಸಡಿಲವಾಯಿತು, ಮಠಗಳಲ್ಲಿ ಗದ್ದಲ ಜಾಸ್ತಿಯಾಯಿತು. ತೆರೇಸಾ 1562ರಲ್ಲಿ ಆವಿಲದಲ್ಲಿ ಸಂತ ಜೋಸೆಫರ ಹೆಸರಲ್ಲಿ ಚಿಕ್ಕ ಮಠ ತೆರೆದದ್ದು ಅದಕ್ಕೇ. ಅವರ ಜೊತೆ ಕೈಜೋಡಿಸಿದ ಶಿಲುಬೆಯ ಸಂತ ಯೊವಾನ್ನರನ್ನು 1577ರ ಕೊನೆಯಲ್ಲಿ, ಈ ಸುಧಾರಣೆ ಒಪ್ಪದ ಸ್ವಂತ ಸಭೆಯವರೇ ಹಿಡಿದು ಟೊಲೆಡೋದಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳು, ಇಕ್ಕಟ್ಟಿನ ಕತ್ತಲೆ ಕೋಣೆ. ದೇವರ ಮೇಲಿನ ಅವರ ಪ್ರೇಮಗೀತೆಯ ಬಹಳಷ್ಟು ಪದ್ಯಗಳು ಹುಟ್ಟಿದ್ದು ಅಲ್ಲೇ. ಇದನ್ನು ಓದಿದ ದಿನ ನನ್ನ ಕುರ್ಚಿ ಗಟ್ಟಿ ಅಂತ ಗೊಣಗುವುದನ್ನು ಬಿಟ್ಟೆ.

ಮೂರನೇ ತಿಂಗಳಿಗೆ ಎಲ್ಲ ಒಣಗಿತು. ಬಾವಿಯೂ ಕಾಣಿಸುವುದಿಲ್ಲ, ಯೇಸುವೂ ಇಲ್ಲ. ಒಂದು ಧ್ಯಾನಕೂಟದಲ್ಲಿ ಒಬ್ಬರು, ನಿಜವಾದ ಪ್ರಾರ್ಥನೆಯಾದರೆ ಕಣ್ಣೀರು ಬರಲೇಬೇಕು ಅಂದರು. ಹದಿನೈದು ದಿನ ಕಣ್ಣೀರಿಗಾಗಿ ಕಾದೆ. ಬಂದದ್ದು ನಿದ್ದೆ. ಕಾರ್ಮೆಲ್‌ನ ಇನ್ನೊಬ್ಬ ಸಂತೆ, ಫ್ರಾನ್ಸಿನ ಲಿಸ್ಯೂದ ಪುಟ್ಟ ತೆರೇಸಾಗೂ ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಕೆ ಬರುತ್ತಿತ್ತು. ಮಕ್ಕಳು ಎಚ್ಚರ ಇದ್ದರೂ ಮಲಗಿದ್ದರೂ ಅಪ್ಪ ಅಮ್ಮನಿಗೆ ಮುದ್ದೇ ಅಂತ ಅವರು ಸಮಾಧಾನ ಮಾಡಿಕೊಂಡಿದ್ದರು. ಪುಣ್ಯಾತ್ಗಿತ್ತಿ!

ಆವಿಲದ ತೆರೇಸಾ ಪ್ರಾರ್ಥನೆಯನ್ನು ತೋಟಕ್ಕೆ ನೀರು ಹಾಯಿಸುವುದಕ್ಕೆ ಹೋಲಿಸುತ್ತಾರೆ. ಮೊದಲು ಬಾವಿಯಿಂದ ಸೇದಬೇಕು. ಆಮೇಲೆ ರಾಟೆ ಬರುತ್ತದೆ, ಆಮೇಲೆ ಹೊಳೆ, ಕೊನೆಗೆ ಮಳೆ. ಸೇದುವುದು ನಮ್ಮ ಕೈಯಲ್ಲಿದೆ, ಮಳೆ ಇಲ್ಲ. ಅದೇ ಕಾರ್ಮೆಲ್ ಬೆಟ್ಟದಲ್ಲಿ ಬೈಬಲಿನ ಪ್ರವಾದಿ ಎಲೀಯ ಮಳೆಗಾಗಿ ಕಾಯುತ್ತಾ ಸೇವಕನನ್ನು ಸಮುದ್ರದ ಕಡೆ ನೋಡಿಬರಲು ಕಳಿಸಿದ್ದು ನೆನಪಾಯಿತು. ಆರು ಸಾರಿ ಅವನು, ಏನೂ ಇಲ್ಲ ಅಂತ ವಾಪಸ್ ಬಂದ. ಏಳನೇ ಸಾರಿ ಕಂಡಿದ್ದೂ ಅಂಗೈಯಷ್ಟು ಮೋಡ.

ನಾನಿನ್ನೂ ಸೇದುವವಳೇ. ಕೆಲವು ದಿನ ಕೊಡ ಖಾಲಿಯೇ ಮೇಲೆ ಬರುತ್ತದೆ. ಒಂದು ಬದಲಾವಣೆ ಮಾತ್ರ ಮಾಡಿಕೊಂಡೆ. ಗಡಿಯಾರ ಅದೇ ಗೋಡೆಯ ಮೇಲಿದೆ, ಕುರ್ಚಿಯನ್ನು ಅದಕ್ಕೆ ಬೆನ್ನು ಮಾಡಿ ತಿರುಗಿಸಿ ಹಾಕಿದ್ದೇನೆ.