ತೋಟದ ಮನೆಯ ವೈಫೈಗೆ ಯಾವ ಬೀಗ?

ಹೋದ ಮಳೆಗಾಲದ ಶುರುವಿನಲ್ಲಿ ಸಿಡಿಲಿಗೆ ನಮ್ಮ ರೂಟರ್ ಸುಟ್ಟಿತು. ಶಿರಸಿ ಪೇಟೆಯಿಂದ ಹೊಸದು ತಂದೆ. ಕೂರಿಸುವಾಗ 'ಸೆಕ್ಯುರಿಟಿ' ಅನ್ನುವಲ್ಲಿ ಐದಾರು ಹೆಸರು ಕಂಡವು, ವೈಫೈಗೆ ಹಾಕುವ ಬೀಗದ ಬಗೆಗಳು. ಅಪ್ಪಯ್ಯ ಕವಳ ಹಾಕುತ್ತಾ, "ಯಾವ್ದಾರೂ ಒಂದು ಒತ್ತೇ ಮಾರಾಯ್ತಿ" ಎಂದರು.

ಹಾಗೆ ಒತ್ತಬಾರದು. ಮೊದಲು ರೂಟರ್ ತಳದ ಚೀಟಿ ನೋಡಿ. ಅದರಲ್ಲಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1 ಅಥವಾ ಅಂಥದ್ದೇ ಇನ್ನೊಂದು, ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗಿ.

ಆ ಬೀಗಗಳಲ್ಲಿ ಡಬ್ಲ್ಯೂಇಪಿ (WEP) ಕಂಡರೆ ಮುಟ್ಟಲೇಬೇಡಿ. 1997ರದ್ದು, 2001ರಲ್ಲೇ ಅದರ ಗುಟ್ಟು ಬಯಲಾಯಿತು. ಈಗ ಲ್ಯಾಪ್‌ಟಾಪ್ ಇದ್ದವರಿಗೆ ಕೆಲವೇ ನಿಮಿಷದ ಕೆಲಸ. ಟಿಕೆಐಪಿ (TKIP) ಎಂದಿರುವುದೂ ಬೇಡ. ಹಳೇ ಯಂತ್ರಗಳಿಗೆಂದು 2003ರಲ್ಲಿ ಹಾಕಿದ ತೇಪೆ ಅದು. ಅದನ್ನಿಟ್ಟರೆ ವೇಗವೂ 54 ಎಂಬಿಪಿಎಸ್‌ಗೆ ಇಳಿಯುತ್ತದೆ. ಫೈಬರ್‌ಗೆ ದುಡ್ಡು ಕೊಟ್ಟು ಸುಮ್ನೆ ಯಾಕೆ?

ಉಳಿಯುವುದು ಎರಡು: ಡಬ್ಲ್ಯೂಪಿಎ2-ಎಇಎಸ್ (WPA2-AES), ಮತ್ತು 2018ರಲ್ಲಿ ಬಂದ ಡಬ್ಲ್ಯೂಪಿಎ3 (WPA3). ಎರಡನೆಯದು ಯಾಕೆ ಮೇಲು ಗೊತ್ತಾ? ಡಬ್ಲ್ಯೂಪಿಎ2ನಲ್ಲಿ ನಿಮ್ಮ ಫೋನು ರೂಟರಿಗೆ ಸೇರುವಾಗಿನ ಮಾತುಕತೆಯನ್ನು ರಸ್ತೆಯಲ್ಲಿ ನಿಂತವನು ಹಿಡಿದುಕೊಳ್ಳಬಹುದು. ಆಮೇಲೆ ಮನೆಗೆ ಹೋಗಿ, ಆರಾಮಾಗಿ ಕೋಟಿಗಟ್ಟಲೆ ಪಾಸ್‌ವರ್ಡ್ ಹಾಕಿ ನೋಡಬಹುದು. ಡಬ್ಲ್ಯೂಪಿಎ3ನಲ್ಲಿ ಪ್ರತಿ ಊಹೆಗೂ ರೂಟರನ್ನೇ ಕೇಳಬೇಕು. ನಮ್ಮ ಹಳೇ ಪಾಸ್‌ವರ್ಡ್ 'ಅಡಿಕೆ123' ಆಗಿತ್ತು, ಇಡೀ ಕೇರಿಗೆ ಗೊತ್ತಿತ್ತು. ಅದಕ್ಕೆ ಯಾವ ಬೀಗವೂ ಸಾಲದು ಬಿಡಿ.

ನಾನು ಡಬ್ಲ್ಯೂಪಿಎ3 ಒತ್ತಿದೆ. ಆಯಿಯ ಫೋನು ಹೊರಗುಳಿಯಿತು. ಎರಡೂ ಸೇರಿದ ಆಯ್ಕೆಗೆ ಬದಲಿಸಿದೆ, ಫೋನು ಬಂತು. ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾ ಮಾತ್ರ ಆಗಲೂ ಮುಷ್ಕರ ಹೂಡಿತು. ಒಂದು ಕ್ಯಾಮೆರಾಕ್ಕಾಗಿ ಇಡೀ ಮನೆಯ ಬೀಗ ಸಡಿಲ ಮಾಡುವುದಾ? ಅತಿಥಿಗಳಿಗೆಂದು ಅದೇ ರೂಟರ್ ಕೊಡುವ ಬೇರೆ ವೈಫೈ, ಅಂದರೆ ಗೆಸ್ಟ್ ನೆಟ್‌ವರ್ಕ್ ತೆರೆದು, ಅದಕ್ಕೆ ಮಾತ್ರ ಡಬ್ಲ್ಯೂಪಿಎ2-ಎಇಎಸ್ ಕೊಟ್ಟು, ಕ್ಯಾಮೆರಾವನ್ನು ಅಲ್ಲಿಗೆ ಹಾಕಿದೆ. ಡಬ್ಲ್ಯೂಇಪಿ ಬಿಟ್ಟು ಬೇರೇನೂ ಬಾರದ ಹಳೇ ಪ್ರಿಂಟರಿಗೆ ಕೇಬಲ್ಲೇ ಗತಿ.

ಅಲ್ಲೇ ಡಬ್ಲ್ಯೂಪಿಎಸ್ (WPS), ಅಂದರೆ ಪಾಸ್‌ವರ್ಡ್ ಹಾಕದೆ ವೈಫೈಗೆ ಸೇರಿಸುವ ಸೌಲಭ್ಯ, ಇದ್ದರೆ ಆಫ್ ಮಾಡಿಬಿಡಿ. ಅದರ ಎಂಟು ಅಂಕಿಯ ಪಿನ್ನನ್ನು ರೂಟರ್ ಎರಡು ತುಂಡಾಗಿ ನೋಡುತ್ತದೆ. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನ ಸಾಕು ಎಂದು 2011ರಲ್ಲೇ ಗೊತ್ತಾಗಿದೆ.

ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಮನೆ ಹೆಸರು, ಫೋನ್ ನಂಬರ್ ಬೇಡ. ರೂಟರಿನ ಒಳಹೊಕ್ಕುವ ಪಾಸ್‌ವರ್ಡ್ ಬೇರೆಯೇ ಇದೆ, ಅದನ್ನೂ ಬದಲಿಸಿ.

ಈಗ ಪಕ್ಕದ ಮನೆ ಮಾಣಿ ಬಂದು ವೈಫೈ ಕೇಳಿದರೆ ಅಪ್ಪಯ್ಯ ಗೆಸ್ಟಿನದ್ದನ್ನೇ ಹೇಳುತ್ತಾರೆ. ಮನೆಯದ್ದು ಅವರಿಗೇ ನೆನಪಿಲ್ಲ.