ಓಡಬೇಡಿ, ಮಂಡಿ ಬಗ್ಗಿಸಬೇಡಿ: ರೇಸ್ ವಾಕಿಂಗ್ ಕಲಿಯುವುದು ಹೀಗೆ

ತುಮಕೂರಿನ ಅಮಾನಿಕೆರೆ ದಾರಿಯಲ್ಲಿ ಬೆಳಿಗ್ಗೆ ನಡೆಯುವವರಿಗೆ ಬರವಿಲ್ಲ. ಚಪ್ಪಲಿಯಲ್ಲೇ ಬಿರಬಿರನೆ ಹೋಗುವ ತಾತಂದಿರಿದ್ದಾರೆ. ಸೀರೆ ಮೇಲೆ ಸ್ವೆಟರ್ ಹಾಕಿಕೊಂಡು, ಊರ ಸುದ್ದಿ ಮಾತಾಡುತ್ತಲೇ ಅವರನ್ನು ಹಿಂದೆ ಹಾಕುವ ಅಮ್ಮಂದಿರೂ ಇದ್ದಾರೆ. ಇವರಲ್ಲಿ ಜೋರಾಗಿ ನಡೆಯುವವರು ಒಂದು ಕಿಲೋಮೀಟರನ್ನು ಒಂಬತ್ತು–ಹತ್ತು ನಿಮಿಷದಲ್ಲಿ ಮುಗಿಸಬಹುದು. ಅದಕ್ಕಿಂತ ಬೇಗ ಹೋಗಬೇಕೆಂದರೆ ಕಾಲು ತಾನಾಗಿಯೇ ಓಟಕ್ಕೆ ತಿರುಗುತ್ತದೆ.

ಆದರೆ ರೇಸ್ ವಾಕಿಂಗ್‌ನಲ್ಲಿ, ಅಂದರೆ ಓಡದೆ ನಡೆದೇ ಗೆಲ್ಲಬೇಕಾದ ಸ್ಪರ್ಧೆಯಲ್ಲಿ, ಜಪಾನಿನ ತೊಶಿಕಾಜು ಯಮಾನಿಶಿ 2025ರ ಫೆಬ್ರುವರಿಯಲ್ಲಿ 20 ಕಿಲೋಮೀಟರನ್ನು 1 ಗಂಟೆ 16 ನಿಮಿಷ 10 ಸೆಕೆಂಡಿನಲ್ಲಿ ನಡೆದು ವಿಶ್ವದಾಖಲೆ ಮಾಡಿದರು. ಕಿಲೋಮೀಟರಿಗೆ ನಾಲ್ಕು ನಿಮಿಷವೂ ಇಲ್ಲ! ನಮ್ಮಲ್ಲಿ ಓಡಿದರೂ ಆ ವೇಗ ಬರುವವರು ಕಡಿಮೆ. ಕೇರಳದ ಕೆ.ಟಿ. ಇರ್ಫಾನ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಇದೇ ದೂರವನ್ನು 1 ಗಂಟೆ 20 ನಿಮಿಷ 21 ಸೆಕೆಂಡಿನಲ್ಲಿ ಮುಗಿಸಿ ಹತ್ತನೆಯವರಾದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ 10,000 ಮೀಟರ್ ನಡಿಗೆಯಲ್ಲಿ ಪ್ರಿಯಾಂಕಾ ಗೋಸ್ವಾಮಿ ಬೆಳ್ಳಿ, ಸಂದೀಪ್ ಕುಮಾರ್ ಕಂಚು ತಂದರು. ಇವರೆಲ್ಲ ನಡೆಯುವ ರೀತಿಯೇ ಬೇರೆ. ನೋಡಿದವರಿಗೆ ನಗು ಬರುತ್ತದೆ, ನಿಜ. ಆದರೆ ಆ ಬಳುಕಿನಲ್ಲಿ ಶೋಕಿ ಏನೂ ಇಲ್ಲ. ಎರಡು ನಿಯಮಗಳು ಸೇರಿ ಅದನ್ನು ಹುಟ್ಟಿಸಿವೆ.

ಎರಡೇ ನಿಯಮ

ಒಂದು ಪಾದವಾದರೂ ಯಾವಾಗಲೂ ನೆಲದ ಮೇಲಿರಬೇಕು. ಇದು ಮೊದಲನೆಯದು. ಜಡ್ಜ್‌ಗಳು ಇದನ್ನು ಬರಿಗಣ್ಣಿನಲ್ಲೇ ನೋಡಿ ತೀರ್ಮಾನಿಸುತ್ತಾರೆ. ಸ್ಲೋ ಮೋಷನ್ ವಿಡಿಯೋ ಹಾಕಿದರೆ ದೊಡ್ಡ ದೊಡ್ಡ ಸ್ಪರ್ಧಿಗಳ ಕಾಲೂ ಒಂದು ಕ್ಷಣ ನೆಲ ಬಿಟ್ಟಿರುವುದು ಕಾಣುತ್ತದೆ. ಅದನ್ನು ನೋಡಿ 'ಎಲ್ಲಾ ಮೋಸ' ಅನ್ನುವವರಿದ್ದಾರೆ. ಮೋಸ ಏನಿಲ್ಲ. ಕಣ್ಣಿಗೆ ಕಾಣುವಂತೆ ನೆಲ ಬಿಡಬಾರದು ಎಂದೇ ನಿಯಮ ಹೇಳುವುದು.

ಎರಡನೆಯದು ಮಂಡಿಗೆ ಸಂಬಂಧಿಸಿದ್ದು. ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ, ನಿಮ್ಮ ಮೈ ಆ ಕಾಲಿನ ನೇರಕ್ಕೆ ಬರುವವರೆಗೆ ಮಂಡಿ ಬಗ್ಗುವಂತಿಲ್ಲ. ಮೈ ದಾಟಿ ಕಾಲು ಹಿಂದಕ್ಕೆ ಹೋದಮೇಲೆ ಬಗ್ಗಿಸಬಹುದು, ಬಗ್ಗಿಸಲೇಬೇಕು.

ಈಗ ಯೋಚಿಸಿ. ಹಾರುವಂತಿಲ್ಲ, ಮಂಡಿ ಮಡಚುವಂತಿಲ್ಲ. ಹೆಜ್ಜೆ ಉದ್ದ ಮಾಡುವುದು ಹೇಗೆ? ಕಾಲಿನ ಉದ್ದ ಹೆಚ್ಚಿಸಲು ಆಗುವುದಿಲ್ಲ. ಆದರೆ ಕಾಲು ಶುರುವಾಗುವ ಜಾಗವನ್ನು, ಅಂದರೆ ಸೊಂಟದ ಆ ಬದಿಯನ್ನು, ಮುಂದಕ್ಕೆ ತರಬಹುದು. ಬಲಗಾಲು ಮುಂದೆ ಹೋಗುವಾಗ ಸೊಂಟದ ಬಲಭಾಗವೂ ಅದರ ಜೊತೆ ಮುಂದೆ ತಿರುಗಿದರೆ ಹೆಜ್ಜೆಗೆ ಕೆಲವು ಸೆಂಟಿಮೀಟರ್ ಸುಮ್ನೆ ಸಿಗುತ್ತದೆ. ಸಾವಿರಾರು ಹೆಜ್ಜೆಗೆ ಲೆಕ್ಕ ಹಾಕಿ, ಎಷ್ಟಾಯಿತು? ರೇಸ್ ವಾಕಿಂಗ್ ಕಲಿಯುವುದು ಅಂದರೆ ಮುಖ್ಯವಾಗಿ ಸೊಂಟ ತಿರುಗಿಸಲು ಕಲಿಯುವುದು. ಉಳಿದದ್ದು ಅದರ ಹಿಂದೆಯೇ ಬರುತ್ತದೆ.

ಮೊದಲು ನಿಲ್ಲುವುದು ಸರಿಯಾಗಲಿ

ನೆಟ್ಟಗೆ ನಿಲ್ಲಿ. ನೋಟ 20–30 ಅಡಿ ಮುಂದಿರಲಿ. ಭುಜ ಕಿವಿಯ ಹತ್ತಿರ ಏರಿದ್ದರೆ ಇಳಿಸಿ. ಮುಂದಕ್ಕೆ ವಾಲುವುದಾದರೆ ಪಾದದ ಕೀಲಿನಿಂದ ತುಸು ವಾಲಬೇಕು, ಸೊಂಟದಲ್ಲಿ ಮುರಿದುಕೊಳ್ಳಬಾರದು. ಸುಸ್ತಾದಾಗ ಎಲ್ಲರೂ ಮಾಡುವ ತಪ್ಪು ಇದೇ. ಸೊಂಟ ಮಡಚಿ ಕುಂಡಿ ಹಿಂದೆ ಹೋದ ಕೂಡಲೇ ಮಂಡಿ ನೇರವಾಗುವುದು ಕಷ್ಟ. ತಲೆ ಮೇಲೆ ನೀರಿನ ಬಿಂದಿಗೆ ಹೊತ್ತು ನಡೆಯುವ ಹೆಂಗಸಿನ ತಲೆ ಹೇಗೆ ಏರಿಳಿಯದೆ ಒಂದೇ ಮಟ್ಟದಲ್ಲಿ ಸಾಗುತ್ತದೋ, ನಿಮ್ಮದೂ ಹಾಗೇ ಸಾಗಬೇಕು. ತಲೆ ಕುಣಿಯುತ್ತಿದ್ದರೆ ನೀವು ನೆಲ ಬಿಡುತ್ತಿದ್ದೀರಿ ಎಂದೇ ಅರ್ಥ.

ಪಾದ ಎಲ್ಲಿ ಇಡಬೇಕು?

ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಬೆರಳುಗಳು ಮೇಲೆದ್ದಿರಬೇಕು, ಮಂಡಿ ಅಷ್ಟರಲ್ಲಿ ನೇರವಾಗಿರಬೇಕು. ಆಮೇಲೆ ಪಾದ ಹಿಮ್ಮಡಿಯಿಂದ ಬೆರಳಿನ ಕಡೆಗೆ ಉರುಳುತ್ತದೆ. ಪಟ್ ಅಂತ ಇಡೀ ಅಂಗಾಲು ನೆಲಕ್ಕೆ ಬಡಿದರೆ ಬ್ರೇಕ್ ಹಾಕಿದಂತೆ. ಸದ್ದು ಕೇಳಿಸಿಕೊಳ್ಳಿ. ಒಳ್ಳೆಯ ನಡಿಗೆಗೆ ಸದ್ದು ಕಡಿಮೆ.

ಹೊಸಬರು ಇನ್ನೊಂದು ತಪ್ಪು ಮಾಡುತ್ತಾರೆ. ವೇಗ ಬೇಕು ಅಂತ ಕಾಲನ್ನು ಆದಷ್ಟು ದೂರ ಮುಂದೆ ಚಾಚುತ್ತಾರೆ. ಕಾಲು ಮೈಯಿಂದ ದೂರ ಬಿದ್ದಷ್ಟೂ ಮೈ ಅದನ್ನು ದಾಟಿ ಬರಲು ಹೊತ್ತು ಬೇಕು. ಒಂದೊಂದು ಹೆಜ್ಜೆಯಲ್ಲೂ ಸ್ವಲ್ಪ ನಿಂತು ಮತ್ತೆ ಹೊರಟಂತಾಗುತ್ತದೆ. ಮುಂದೆ ಚಿಕ್ಕದಾಗಿ ಇಡಿ, ಹಿಂದೆ ಉದ್ದವಾಗಿ ಬಿಡಿ. ಹಿಂಗಾಲಿನ ಹೆಬ್ಬೆರಳು ಕೊನೆಯವರೆಗೂ ನೆಲ ಒತ್ತಲಿ. ಕಾಲನ್ನು ಮುಂದಕ್ಕೆ ತರುವಾಗಲೂ ಮಂಡಿ ಎತ್ತಬೇಡಿ. ಪಾದ ನೆಲಕ್ಕೆ ಹತ್ತಿರದಲ್ಲೇ ಸಾಗಿ ಬರಲಿ.

ಸೊಂಟ ಸರಿಯಾಗಿ ತಿರುಗುತ್ತಿದ್ದರೆ ಎರಡು ಪಾದಗಳೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತವೆ. ಟ್ರ್ಯಾಕ್ ಮೇಲಿನ ಬಿಳಿ ಗೆರೆ ಇದಕ್ಕೆ ಹೇಳಿ ಮಾಡಿಸಿದ್ದು. ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಹೋದರೆ ಗೆರೆಯ ಮೇಲೇ ಐವತ್ತು ಮೀಟರ್ ನಿಧಾನಕ್ಕೆ ನಡೆದು ನೋಡಿ. ಪಾದಗಳು ಗೆರೆಯ ಆ ಕಡೆ ಈ ಕಡೆ ಬೀಳುತ್ತಿದ್ದರೆ ಸೊಂಟ ಇನ್ನೂ ಬಿಗಿಯಾಗಿದೆ. ಹಾಗಂತ ಬೇಕೆಂದೇ ಕಾಲನ್ನು ಅಡ್ಡ ಹಾಕಬೇಡಿ. ಸೊಂಟ ಹಿಂದೆ–ಮುಂದೆ ತಿರುಗಬೇಕು. ಎಡಕ್ಕೂ ಬಲಕ್ಕೂ ತುಳುಕಿದರೆ ಅದು ಬರೀ ಡ್ಯಾನ್ಸ್, ಮುಂದೆ ಹೋಗಲು ಅದರಿಂದ ಪ್ರಯೋಜನವಿಲ್ಲ.

ಕೈ ಓಡಿದಂತೆ ಕಾಲು

ಮೊಣಕೈಯನ್ನು ಸುಮಾರು 90 ಡಿಗ್ರಿಗೆ ಮಡಚಿ ಹಾಗೇ ಇಟ್ಟುಕೊಳ್ಳಿ. ಕೈ ಭುಜದಿಂದ ಆಡಬೇಕು. ಹಿಂದೆ ಹೋದಾಗ ಮುಷ್ಟಿ ಸೊಂಟದ ಪಕ್ಕಕ್ಕೆ, ಮುಂದೆ ಬಂದಾಗ ಎದೆಯ ಮಟ್ಟಕ್ಕೆ, ಅಷ್ಟೇ. ಎದೆಯ ನಡುಗೆರೆಯನ್ನು ದಾಟಿ ಆಚೆ ಹೋಗಬಾರದು. ಮುಷ್ಟಿ ಸಡಿಲವಾಗಿರಲಿ. ಹಿಂದಕ್ಕೆ ಎಳೆಯುವುದಕ್ಕೆ ಗಮನ ಕೊಟ್ಟರೆ ಸಾಕು, ಮುಂದಕ್ಕೆ ತಾನೇ ಬರುತ್ತದೆ. ಬಲ ಸೊಂಟ ಮುಂದೆ ತಿರುಗಿದಾಗ ಎಡಗೈ ಮುಂದೆ ಬಂದು ಅದನ್ನು ಸರಿದೂಗಿಸುತ್ತದೆ. ಕೈ ಸೋಮಾರಿಯಾದರೆ ಸೊಂಟವೂ ಸೋಮಾರಿಯಾಗುತ್ತದೆ.

ವೇಗ ಹೆಚ್ಚಿಸಲು ಹೆಜ್ಜೆಗಳ ಲೆಕ್ಕ ಹೆಚ್ಚಿಸಿ. ಅಂತರರಾಷ್ಟ್ರೀಯ ಮಟ್ಟದವರು ನಿಮಿಷಕ್ಕೆ 200ರ ಆಸುಪಾಸು ಹೆಜ್ಜೆ ಇಡುತ್ತಾರೆ. ನಿಮಗೆ ಶುರುವಿನಲ್ಲಿ 150 ಬಂದರೂ ಒಳ್ಳೆಯದೇ. ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ಟಿಕ್ ಟಿಕ್‌ಗೆ ಸರಿಯಾಗಿ ಹೆಜ್ಜೆ ಇಡಿ. ಅದು ಸಲೀಸಾದ ಮೇಲೆ ನಾಲ್ಕೈದು ಟಿಕ್ ಏರಿಸಿ. ಮನಸ್ಸಿಗೆ ಬಂದಂತೆ ಏರಿಸಿದರೆ ಮಂಡಿ ಬಗ್ಗಲು ಶುರುವಾಗುತ್ತದೆ, ಬೇರೆ ಏನೂ ಆಗುವುದಿಲ್ಲ.

ಮೊದಲ ತಿಂಗಳು

ಐದು ನಿಮಿಷ ಮಾಮೂಲಿ ನಡಿಗೆ. ಆಮೇಲೆ ಡ್ರಿಲ್‌ಗಳು. ಬೆರಳು ಮೇಲೆತ್ತಿ ಹಿಮ್ಮಡಿಯ ಮೇಲೇ 20–30 ಮೀಟರ್ ನಡೆಯಿರಿ. ಎರಡೂ ಕೈ ಮುಂದೆ ಚಾಚಿ, ಅಂಗೈ ಜೋಡಿಸಿ ನಡೆಯಿರಿ. ಆಗ ಭುಜದ ಸಹಾಯ ಸಿಗದೆ ಸೊಂಟವೇ ತಿರುಗಬೇಕಾಗುತ್ತದೆ. ಇದು ಮೊದಮೊದಲು ತುಂಬಾ ವಿಚಿತ್ರ ಅನಿಸುತ್ತದೆ. ನೋಡುವವರಿಗೆ ಇನ್ನೂ ವಿಚಿತ್ರ. ಕತ್ತಲಿರುವಾಗಲೇ ಮುಗಿಸಿಬಿಡುವವರೂ ಇದ್ದಾರೆ! ಕೊನೆಗೆ ಗೆರೆಯ ಮೇಲಿನ ನಡಿಗೆ.

ಅದಾದ ಮೇಲೆ 100 ಮೀಟರ್ ಸರಿಯಾದ ರೇಸ್ ವಾಕಿಂಗ್, 100 ಮೀಟರ್ ಮಾಮೂಲಿ ನಡಿಗೆ. ಹೀಗೆ ಆರೆಂಟು ಸಲ. ಮೊದಲ ವಾರ ಇಷ್ಟೇ ಸಾಕು. ಮುಂದಿನ ವಾರಗಳಲ್ಲಿ 100 ಇದ್ದದ್ದು 200, ಆಮೇಲೆ 400 ಆಗಲಿ. ವಾರಕ್ಕೆ ನಾಲ್ಕು ದಿನ ಮಾಡಿದರೆ ಸಾಕು. ನಡಿಗೆಯ ರೂಪ ಕೆಟ್ಟ ಕೂಡಲೇ ಮಾಮೂಲಿ ನಡಿಗೆಗೆ ಇಳಿಯಿರಿ. 'ಇನ್ನೊಂದೇ ಸುತ್ತು' ಅಂತ ಹಟ ಹಿಡಿದು ಕೆಟ್ಟ ರೂಪದಲ್ಲಿ ನಡೆದರೆ ಮೈ ಕಲಿಯುವುದು ಅದನ್ನೇ. ಆಮೇಲೆ ಬಿಡಿಸುವುದು ದೊಡ್ಡ ಕೆಲಸ.

ಒಂದು ಮಾತು: ಟ್ರ್ಯಾಕ್‌ನಲ್ಲಿ ಓಡುವ ಹುಡುಗರಿಗೆ ಒಳಗಿನ ಲೇನ್ ಬಿಟ್ಟುಕೊಡಿ. ಹೊರಗಿನ ಲೇನ್‌ನಲ್ಲಿ ಸುತ್ತು ಉದ್ದವಾಗುತ್ತದೆ ಅನ್ನುವುದು ನೆನಪಿರಲಿ. ಎಂಟನೇ ಲೇನ್‌ನಲ್ಲಿ ಒಂದು ಸುತ್ತು 450 ಮೀಟರ್ ದಾಟುತ್ತದೆ. 400 ಅಂತ ಲೆಕ್ಕ ಹಾಕಿ 'ಯಾಕೋ ಇವತ್ತು ನಿಧಾನ' ಎಂದು ಬೇಜಾರಾಗಬೇಡಿ. ಒಳಗಿನ ಲೇನ್‌ನಲ್ಲಿ ಕಿಲೋಮೀಟರಿಗೆ ಎಂಟು ನಿಮಿಷದ ವೇಗ ಅಂದರೆ ಸುತ್ತಿಗೆ 3 ನಿಮಿಷ 12 ಸೆಕೆಂಡ್. ಮೊದಲ ಗುರಿ ಅದೇ ಆಗಿರಲಿ.

ವಾರಕ್ಕೊಮ್ಮೆ ಯಾರಿಗಾದರೂ ಹೇಳಿ ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ತೆಗೆಸಿಕೊಳ್ಳಿ. ಹಿಮ್ಮಡಿ ನೆಲ ಮುಟ್ಟಿದ ಕ್ಷಣಕ್ಕೆ ವಿಡಿಯೋ ನಿಲ್ಲಿಸಿ ಮಂಡಿ ನೋಡಿ. ನಡೆಯುವಾಗ 'ನೇರವಾಗೇ ಇದೆ' ಅನಿಸಿದ ಮಂಡಿ ವಿಡಿಯೋದಲ್ಲಿ ಬಗ್ಗಿರುವುದು ತೀರಾ ಮಾಮೂಲಿ. ಒಳ್ಳೆಯ ಕೋಚ್ ಹತ್ತಿರದಲ್ಲಿದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ದೂರಕ್ಕೆ ಹೋಗುವಾಗ

ರೂಪ ಕೂತ ಮೇಲೆ ವಾರಕ್ಕೊಂದು ದಿನ ಉದ್ದ ನಡಿಗೆ ಸೇರಿಸಿ. 5 ಕಿಲೋಮೀಟರಿನಿಂದ ಶುರು ಮಾಡಿ, ನಿಧಾನಕ್ಕೆ ಏರಿಸುತ್ತಾ 10, 12ಕ್ಕೆ ಹೋಗಬಹುದು. ಇದನ್ನು ಮಾತಾಡಲು ಆಗುವಷ್ಟು ಆರಾಮದ ವೇಗದಲ್ಲೇ ಮಾಡಬೇಕು. ಇನ್ನೊಂದು ದಿನ ಒಂದೊಂದು ಕಿಲೋಮೀಟರ್‌ನಂತೆ ಮೂರು–ನಾಲ್ಕು ಸಲ ಜೋರು ನಡಿಗೆ, ನಡುವೆ ಎರಡು–ಮೂರು ನಿಮಿಷ ಬಿಡುವು. ಉಳಿದ ದಿನ ಹಗುರ. ದಿನವೂ ಜೋರಾಗಿ ನಡೆದು ಯಾರೂ ದೂರದ ನಡಿಗೆಗಾರರಾಗಿಲ್ಲ.

ಜಾಗ ನೋಡಿಕೊಂಡು ಆರಿಸಿ. ಬಿ.ಎಚ್. ರಸ್ತೆಯಂಥ ವಾಹನ ಜಾಸ್ತಿ ಇರುವ ಕಡೆ ಬೇಡ. ರಸ್ತೆಯಲ್ಲಿ ನಡೆಯಲೇಬೇಕಾದರೆ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ರಸ್ತೆಯ ಅಂಚು ಸಾಮಾನ್ಯವಾಗಿ ಚರಂಡಿ ಕಡೆಗೆ ಇಳಿಜಾರಾಗಿರುತ್ತದೆ. ದಿನವೂ ಹೀಗೆ ಒಂದೇ ಬದಿಯಲ್ಲಿ ನಡೆದರೆ ಸೊಂಟದ ಒಂದು ಬದಿಗೆ ನೋವು ಬರಬಹುದು, ಹಾಗಾಗಿ ದಿನವೂ ರಸ್ತೆಯಲ್ಲೇ ನಡೆಯಬೇಡಿ. ಸ್ವಲ್ಪ ಏರಿರುವ ರಸ್ತೆ ಒಳ್ಳೆಯ ಅಭ್ಯಾಸ. ಏರಿನಲ್ಲಿ ಹಾರುವುದು ಕಷ್ಟ, ಹಿಂಗಾಲು ಚೆನ್ನಾಗಿ ಒತ್ತುವುದು ಬರುತ್ತದೆ. ಹಾಗಂತ ದೇವರಾಯನದುರ್ಗದ ಘಾಟಿಗೇ ಹೋಗಬೇಡಿ, ಅಷ್ಟು ಕಡಿದಾದ ಕಡೆ ಮಂಡಿ ನೇರ ನಿಲ್ಲುವುದಿಲ್ಲ. ಇಳಿಜಾರಿನಲ್ಲಂತೂ ಜೋರು ನಡಿಗೆ ಬೇಡವೇ ಬೇಡ.

ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲೇರುವ ಮುಂಚೆ ಮುಗಿಸಿ. ಒಂದು ಗಂಟೆ ದಾಟುವ ನಡಿಗೆಗೆ ಬರೀ ನೀರು ಸಾಲದು. ಉಪ್ಪು, ಸಕ್ಕರೆ ಹಾಕಿದ ನಿಂಬೆ ಶರಬತ್ತು ಅಥವಾ ಓಆರ್‌ಎಸ್ ಇಟ್ಟುಕೊಳ್ಳಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನಡಿಗೆ ಮುಗಿದ ಮೇಲೆ. ಮೊದಲೇ ತಿಂದು ಹೊರಟರೆ ಹೊಟ್ಟೆ ಎಲ್ಲಾ ಹೇಳುತ್ತದೆ.

ಶೂ ವಿಷಯ ಚಿಕ್ಕದು. ಹಿಮ್ಮಡಿ ತೀರಾ ದಪ್ಪ ಇರಬಾರದು, ಮುಂಭಾಗ ಸುಲಭವಾಗಿ ಮಡಚಬೇಕು, ತೂಕ ಕಡಿಮೆ ಇರಬೇಕು. ದುಬಾರಿ ಶೂ ಬೇಕಿಲ್ಲ.

ನೋವು ಬಂದರೆ

ಮಂಡಿಯ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಪಕ್ಕದ ಸ್ನಾಯು ಮೊದಲ ವಾರಗಳಲ್ಲಿ ಉರಿಯುತ್ತದೆ. ಬೆರಳು ಎತ್ತಿ ಹಿಡಿಯುವ ಕೆಲಸ ಅದರದ್ದು. ಅದು ಯಾವತ್ತೂ ಇಷ್ಟು ದುಡಿದಿರುವುದಿಲ್ಲ. ಹಿಮ್ಮಡಿ ನಡಿಗೆಯ ಡ್ರಿಲ್ ಮಾಡುತ್ತಿದ್ದರೆ ಮೆಲ್ಲಗೆ ಪಳಗುತ್ತದೆ. ಹೆಜ್ಜೆ ಚಿಕ್ಕದು ಮಾಡಿದರೆ ಉರಿಯೂ ಕಡಿಮೆಯಾಗುತ್ತದೆ. ತೊಡೆಯ ಹಿಂಭಾಗ ಬಿಗಿಯಾಗಿದ್ದರೆ ಮಂಡಿ ನೇರವಾಗುವುದೇ ಇಲ್ಲ. ಹಾಗಾಗಿ ನಡಿಗೆ ಮುಗಿದ ಮೇಲೆ ಅದನ್ನು ಎಳೆಯುವ ಸ್ಟ್ರೆಚಿಂಗ್ ತಪ್ಪಿಸಬೇಡಿ. ಉರಿ ಬೇರೆ, ಒಂದೇ ಜಾಗದಲ್ಲಿ ಚುಚ್ಚುವ ನೋವು ಬೇರೆ. ಎರಡನೆಯದು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮಂಡಿ ಸವೆತ, ಹೃದಯದ ತೊಂದರೆ ಇರುವವರು ಶುರು ಮಾಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸ್ಪರ್ಧೆಯ ದಿನ

ರಸ್ತೆ ಸ್ಪರ್ಧೆ ಸಾಮಾನ್ಯವಾಗಿ 1ರಿಂದ 2 ಕಿಲೋಮೀಟರಿನ ಸುತ್ತಿನಲ್ಲಿ ನಡೆಯುತ್ತದೆ. ಸುತ್ತಲೂ ಜಡ್ಜ್‌ಗಳು ನಿಂತಿರುತ್ತಾರೆ. ಅನುಮಾನ ಬಂದರೆ ಹಳದಿ ಫಲಕ ತೋರಿಸುತ್ತಾರೆ. ಅದರಲ್ಲಿ ಅಲೆಯಂಥ ಗೆರೆ ಇದ್ದರೆ ನೆಲ ಬಿಡುತ್ತಿದ್ದೀರಿ ಎಂದು, ಬಾಣದ ತುದಿಯಂಥ ಗುರುತು ಇದ್ದರೆ ಮಂಡಿ ಬಗ್ಗುತ್ತಿದೆ ಎಂದು. ಇದು ಎಚ್ಚರಿಕೆ ಅಷ್ಟೇ. ತಪ್ಪು ಖಚಿತವಾದರೆ ಜಡ್ಜ್ ಕೆಂಪು ಕಾರ್ಡ್ ಬರೆದು ಕಳಿಸುತ್ತಾರೆ. ಅದು ಬೋರ್ಡಿನಲ್ಲಿ ನಿಮ್ಮ ನಂಬರಿನ ಮುಂದೆ ಕಾಣುತ್ತದೆ. ಬೇರೆ ಬೇರೆ ಮೂವರು ಜಡ್ಜ್‌ಗಳಿಂದ ಮೂರು ಕೆಂಪು ಕಾರ್ಡ್ ಬಂದರೆ ಹೊರಗೆ. ಪೆನಾಲ್ಟಿ ಜಾಗ ಇಟ್ಟಿರುವ ಸ್ಪರ್ಧೆಯಾದರೆ ಮೂರಕ್ಕೆ ಹೊರಗೆ ಹಾಕುವುದಿಲ್ಲ, ಅಲ್ಲಿ ಹೋಗಿ ನಿಲ್ಲಬೇಕು: 10 ಕಿಲೋಮೀಟರಿಗೆ ಒಂದು ನಿಮಿಷ, 20ಕ್ಕೆ ಎರಡು ನಿಮಿಷ. ಆಮೇಲೆ ನಾಲ್ಕನೆಯದು ಬಂದರೆ ಮನೆಗೆ.

ಹಾಗಾಗಿ ಮೊದಲ ಕಿಲೋಮೀಟರಿನಲ್ಲಿ ಗುಂಪನ್ನು ಬೆನ್ನಟ್ಟಿ ಹೋಗಬೇಡಿ. ಎಲ್ಲರೂ ಹುಮ್ಮಸ್ಸಿನಲ್ಲಿ ಹಾರುವುದು ಅಲ್ಲೇ. ಹಳದಿ ಕಂಡರೆ ಗಾಬರಿಯಾಗಿ ನಿಲ್ಲಬೇಡಿ, ಹೆಜ್ಜೆ ಚಿಕ್ಕದು ಮಾಡಿ ಭುಜ ಇಳಿಸಿ. ಕೊನೆಯ ಸುತ್ತಿನಲ್ಲಿ ಯಾರನ್ನಾದರೂ ಹಿಂದೆ ಹಾಕಬೇಕೆನಿಸಿದರೆ ಕೈ ವೇಗ ಹೆಚ್ಚಿಸಿ, ಹೆಜ್ಜೆ ಉದ್ದ ಮಾಡಲು ಹೋಗಬೇಡಿ. ದೊಡ್ಡ ಸ್ಪರ್ಧೆಗಳಲ್ಲಿ ಕೊನೆಯ 100 ಮೀಟರಿನಲ್ಲಿ ಕಣ್ಣಿಗೆ ಹೊಡೆಯುವಂತೆ ತಪ್ಪಿದವರನ್ನು ಮುಖ್ಯ ಜಡ್ಜ್ ಒಬ್ಬರೇ ಹೊರಹಾಕಬಹುದು.

ಮುಗಿದ ಮೇಲೆ ಬೋರ್ಡ್ ನೋಡದೆ ಹೊರಡಬೇಡಿ. ಬಂದ ಕಾರ್ಡ್‌ಗಳು ಮಂಡಿಯದ್ದಾದರೆ ಮುಂದಿನ ತಿಂಗಳು ತೊಡೆ ಹಿಂಭಾಗದ ಸ್ಟ್ರೆಚಿಂಗ್‌ಗೆ, ಚಿಕ್ಕ ಹೆಜ್ಜೆಗೆ ಕೊಡಿ. ನೆಲ ಬಿಟ್ಟಿದ್ದಕ್ಕಾದರೆ ಗೆರೆ ನಡಿಗೆಗೆ ಮರಳಿ, ಕೈ ಎದೆಗಿಂತ ಮೇಲೆ ಹೋಗುತ್ತಿದೆಯಾ ಎಂದು ವಿಡಿಯೋದಲ್ಲಿ ನೋಡಿಕೊಳ್ಳಿ.